ಸಿಂಗಪುರದ ಸಂಸಾರ: ಬಾಡಿಗೆ, ಬಿಲ್ಲು, ಬಾಣಂತನ
(ಓದುಗರ ಪ್ರಶ್ನೆಗಳಿಗೆ ಉತ್ತರ)

ಸಿಂಗಪುರಕ್ಕೆ ಹೊರಟಿರುವ ಮತ್ತು ಈಗಾಗಲೇ ಅಲ್ಲಿ ನೆಲೆಸಿರುವ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆಯ್ದುಕೊಂಡಿದ್ದೇನೆ. ಬಾಡಿಗೆ, ದಿನಸಿಗಳ ಬೆಲೆ ಏರಿಳಿಯುವುದರಿಂದ ಅವುಗಳ ಅಂಕಿಗಳನ್ನು ಅಂದಾಜಿಗೆ ಮಾತ್ರ ಬಳಸಿಕೊಳ್ಳಬೇಕು. ಡಾಲರ್ ಎಂದಲ್ಲೆಲ್ಲ ಸಿಂಗಪುರದ ಡಾಲರ್ ಎಂದೇ ಓದಿಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಸಿಂಗಪುರದಲ್ಲಿ ತಿಂಗಳಿಗೆ 8,000 ಡಾಲರ್ ಸಂಬಳದ ಕೆಲಸ ಸಿಕ್ಕಿದೆ. ರೂಪಾಯಿ ಲೆಕ್ಕದಲ್ಲಿ ಅದು ಐದು ಲಕ್ಷ ದಾಟುತ್ತದೆ. ನಮಗೆ ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳಿದ್ದಾರೆ. ಅರ್ಧದಷ್ಟನ್ನಾದರೂ ಉಳಿಸಬಹುದೆಂದು ಬಂಧುಗಳೆಲ್ಲ ಹೇಳುತ್ತಿದ್ದಾರೆ. ಇದು ನಿಜವೇ? — ಮೈಸೂರಿನ ಓದುಗರು

ಉತ್ತರ: ಮಕ್ಕಳಿಲ್ಲದ ದಂಪತಿಯಾಗಿದ್ದರೆ ನಿಜವಾಗಬಹುದಿತ್ತು. ನಿಮ್ಮ ವಿಷಯದಲ್ಲಿ ಆಗುವುದಿಲ್ಲ. ಆ ಊರಿನಲ್ಲಿ ತಿಂಗಳ ಖರ್ಚು ಮನೆಯ ಬಾಡಿಗೆ ಮತ್ತು ಶಾಲೆಯ ಶುಲ್ಕ ಎಂಬ ಎರಡೇ ತೀರ್ಮಾನಗಳಲ್ಲಿ ಬಹುಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಕೊತ್ತಂಬರಿ ಸೊಪ್ಪಿನಲ್ಲಿ ಎಷ್ಟು ಹಿಡಿತ ಮಾಡಿದರೂ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ.

ಮನೆಯ ಮಾತನ್ನು ಮೊದಲು ನೋಡೋಣ. ಅಲ್ಲಿನ ನಿವಾಸಿಗಳಲ್ಲಿ ನಾಲ್ಕನೆಯ ಮೂರು ಪಾಲಿಗಿಂತ ಹೆಚ್ಚು ಜನ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿ ವಾಸಿಸುತ್ತಾರೆ. ಎಲ್ಲರೂ ಅವನ್ನು ಎಚ್‌ಡಿಬಿ ಎಂದೇ ಕರೆಯುತ್ತಾರೆ. ಈಜುಕೊಳ, ಕಾವಲುಗಾರರು ಇರುವ ಖಾಸಗಿ ಕಾಂಡೊಗಳಿಗೆ ಹೋಲಿಸಿದರೆ ಎಚ್‌ಡಿಬಿ ಮನೆಗಳ ಬಾಡಿಗೆ ಸಾಕಷ್ಟು ಕಡಿಮೆ, ವಾಸಕ್ಕೆ ಯಾವ ಕುಂದೂ ಇಲ್ಲ. ಜಾಹೀರಾತಿನಲ್ಲಿ ‘ನಾಲ್ಕು ಕೋಣೆಯ ಮನೆ’ ಎಂದಿದ್ದರೆ ಹಾಲನ್ನೂ ಒಂದು ಕೋಣೆಯಾಗಿ ಎಣಿಸಿರುತ್ತಾರೆ, ಅಂದರೆ ಮಲಗುವ ಕೋಣೆಗಳು ಮೂರು. ಅಂತಹ ಮನೆಗೆ ಬಡಾವಣೆಯನ್ನು ಅನುಸರಿಸಿ ತಿಂಗಳಿಗೆ 3,000ದಿಂದ 3,500 ಡಾಲರ್ ಎಂದು ಇಟ್ಟುಕೊಳ್ಳಿ. ಇಷ್ಟವಾದ ಮನೆ ಸಿಕ್ಕೊಡನೆ ಮುಂಗಡ ಕೊಟ್ಟುಬಿಡಬೇಡಿ. ಮಲೇಷ್ಯನ್ನರಲ್ಲದ ವಿದೇಶಿಯರಿಗೆ ಒಂದು ಕಟ್ಟಡದಲ್ಲಿ ನೂರಕ್ಕೆ 11, ಒಂದು ಬಡಾವಣೆಯಲ್ಲಿ ನೂರಕ್ಕೆ 8 ಮನೆಗಳನ್ನು ಮೀರಿ ಇಡೀ ಮನೆ ಬಾಡಿಗೆಗೆ ಕೊಡುವಂತಿಲ್ಲ ಎಂಬ ಮಿತಿಯಿದ್ದು, ಅದು ತುಂಬಿದೆಯೇ ಎಂಬುದನ್ನು ಏಜೆಂಟರು ಮಂಡಳಿಯ ಜಾಲತಾಣದಲ್ಲಿ ನೋಡಿ ಹೇಳಬಲ್ಲರು.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಸಿಂಗಪುರದ ಠೇವಣಿ ದೊಡ್ಡದೆನಿಸದು: ಒಂದು ವರ್ಷದ ಕರಾರಿಗೆ ಒಂದು ತಿಂಗಳ ಬಾಡಿಗೆ, ಎರಡು ವರ್ಷಕ್ಕೆ ಎರಡು ತಿಂಗಳದ್ದು ವಾಡಿಕೆ. ಆದರೂ 3,200 ಡಾಲರಿನ ಮನೆಯನ್ನು ಎರಡು ವರ್ಷಕ್ಕೆ ಹಿಡಿದರೆ ಠೇವಣಿ 6,400, ಮೊದಲ ತಿಂಗಳದ್ದು 3,200, ಒಟ್ಟು ಬಾಡಿಗೆಯ ಮೇಲೆ ಶೇಕಡ 0.4ರಂತೆ ಮುದ್ರಾಂಕ ಶುಲ್ಕ 307, ಹೀಗೆ ಮೊದಲ ಸಂಬಳ ಕೈಗೆ ಬರುವ ಮೊದಲೇ ಹತ್ತಿರ ಹತ್ತಿರ 10,000 ಡಾಲರ್ ಹೊರಗೆ ಹೋಗಿರುತ್ತದೆ. ಆ ಹಣವನ್ನು ಊರಿನಿಂದಲೇ ಹೊಂದಿಸಿಕೊಂಡು ಹೋಗಬೇಕು, ಇಲ್ಲವೇ ಕಂಪನಿಯಿಂದ ಮುಂಗಡ ಕೇಳಿ ಪಡೆಯಬೇಕು. ಕೆಲಸ ಹೋಗಿ ದೇಶ ಬಿಡಬೇಕಾಗಿ ಬಂದರೆ ಒಂದು ವರ್ಷದ ನಂತರ ಎರಡು ತಿಂಗಳ ನೋಟಿಸು ಕೊಟ್ಟು ಮನೆ ಖಾಲಿ ಮಾಡಲು ಅವಕಾಶ ಕೊಡುವ ‘ಡಿಪ್ಲೊಮ್ಯಾಟಿಕ್ ಕ್ಲಾಜ್’ ಎಂಬ ಷರತ್ತು ಕರಾರಿನಲ್ಲಿ ಇರಲೇಬೇಕು. ಹೆಸರು ರಾಯಭಾರಿಗಳದ್ದಾದರೂ ಅದು ಕಾಪಾಡುವುದು ನಮ್ಮಂಥವರನ್ನೇ.

ಇನ್ನೊಂದು ಷರತ್ತನ್ನು ಹೆಂಗಸರೂ ಗಂಡಸರೂ ಕಣ್ಣಿಟ್ಟು ಓದಬೇಕು. ‘ಹಗುರವಾದ ಅಡುಗೆಗೆ ಮಾತ್ರ ಅವಕಾಶ’ ಎಂದು ಬರೆದಿದ್ದರೆ ಅದರ ಅರ್ಥ ನೂಡಲ್ಸ್ ಬೇಯಿಸಬಹುದು, ಸಾಸಿವೆ ಸಿಡಿಸುವಂತಿಲ್ಲ ಎಂದು. ನಮ್ಮ ಮೊದಲ ಮನೆಯ ಒಡೆಯರು ಬಾಯಲ್ಲಿ ‘ಪರವಾಗಿಲ್ಲ’ ಎಂದಿದ್ದರು. ಬಿಡುವಾಗ ಒಲೆಯ ಹಿಂದಿನ ಗೋಡೆಯ ಎಣ್ಣೆಯ ಕಲೆಗೆಂದು ಠೇವಣಿಯಲ್ಲಿ 400 ಡಾಲರ್ ಮುರಿದುಕೊಂಡರು. ಎರಡು ವರ್ಷದ ಒಗ್ಗರಣೆಗೆ ಅದು ದುಬಾರಿಯಲ್ಲ ಎಂದು ಮನೆಯವಳು ಹೇಳಿದ್ದು ಬೇರೆ ಮಾತು. ದಿನವೂ ಅಡುಗೆ ಮಾಡುವ ಕುಟುಂಬ ನಮ್ಮದು ಎಂದು ಮೊದಲೇ ಹೇಳಿ, ಅದನ್ನು ಕರಾರಿನಲ್ಲಿ ಬರೆಸಿಕೊಂಡು, ಒಳಗೆ ಹೋಗುವ ದಿನ ಗೋಡೆ, ನೆಲ, ಹಾಸಿಗೆಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಶಾಲೆಯ ವಿಷಯದಲ್ಲಿ ನಿಮ್ಮ ಕೈಯಲ್ಲಿರುವ ಆಯ್ಕೆ ಕಡಿಮೆ. ವಿದೇಶಿ ಮಕ್ಕಳಿಗೆ ಸರ್ಕಾರಿ ಶಾಲೆಯ ಒಂದನೆಯ ತರಗತಿಯಲ್ಲಿ ಸೀಟು ಸಿಗುವುದು ಉಳಿದವರೆಲ್ಲರ ಸರದಿ ಮುಗಿದ ಮೇಲೆ. ಎರಡನೆಯ ತರಗತಿಯಿಂದಾಚೆಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಪಾಸಾದರೂ ಸೀಟು ಖಾಲಿ ಇರಬೇಕು. ಹಾಗಾಗಿ ಹೆಚ್ಚಿನವರು ಭಾರತೀಯ ಪಠ್ಯಕ್ರಮವಿರುವ ಖಾಸಗಿ ಶಾಲೆಗಳತ್ತ ಹೋಗುತ್ತಾರೆ. ಬೆಂಗಳೂರಿನ ಎನ್‌ಪಿಎಸ್ ಸಮೂಹದ ಶಾಲೆಯೂ ಅಲ್ಲಿದೆ. ಇಂತಹ ಶಾಲೆಗಳಲ್ಲಿ ಒಂದು ಮಗುವಿಗೆ ವರ್ಷದ ಶುಲ್ಕ ಐದಂಕಿಯ ಡಾಲರ್.

ಈಗ ಕೂಡಿಸೋಣ. ಬಾಡಿಗೆ 3,200, ಕರೆಂಟು ನೀರು ಗ್ಯಾಸು 250, ಊಟ ತಿಂಡಿ ದಿನಸಿ 1,000, ಬಸ್ಸು ರೈಲು 250, ಫೋನು ಇಂಟರ್ನೆಟ್ಟು 100, ದೊಡ್ಡ ಮಗುವಿನ ಶಾಲೆಗೆ 1,500, ಚಿಕ್ಕದರ ಶಿಶುವಿಹಾರಕ್ಕೆ 1,000. ಒಟ್ಟು 7,300. ಆದಾಯ ತೆರಿಗೆಗೆ ತಿಂಗಳಿಗೆ 330ರಷ್ಟು ಎತ್ತಿಟ್ಟರೆ ಉಳಿಯುವುದು ಸುಮಾರು 370 ಡಾಲರ್, ಅದರಲ್ಲಿ ಊರಿಗೆ ಬಂದುಹೋಗುವ ಟಿಕೆಟ್ಟಿನ ಹಣವೂ ಸೇರಬೇಕು. ನಿಮ್ಮ ಯಜಮಾನರು ಸಂಬಳದ ಮಾತುಕತೆ ಇನ್ನೂ ಮುಗಿಸಿಲ್ಲವಾದರೆ, ಸಂಬಳ ಏರಿಸಲು ಕೇಳುವುದಕ್ಕಿಂತ ಶಾಲೆಯ ಶುಲ್ಕದಲ್ಲಿ ಪಾಲು ಕೇಳಲಿ. ಮನೆಯವರಿಗೂ ವೈದ್ಯಕೀಯ ವಿಮೆ ಉಂಟೇ ಎಂದು ವಿಚಾರಿಸಲಿ, ಏಕೆಂದರೆ ಸ್ಥಳೀಯರಿಗೆ ಸಿಗುವ ಸರ್ಕಾರಿ ಸಹಾಯಧನ ಕೆಲಸಕ್ಕೆಂದು ಕೊಡುವ ಉದ್ಯೋಗ ಪಾಸಿನ ಮೇಲೆ ಬಂದ ವಿದೇಶಿಯರಿಗೆ ಇಲ್ಲ, ಆಸ್ಪತ್ರೆಯ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು.

ಕಾರಿನ ಆಸೆಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಿ. ಅಲ್ಲಿ ಕಾರಿನ ಬೆಲೆಗಿಂತ ಮೊದಲು ಹತ್ತು ವರ್ಷ ಕಾರು ಇಟ್ಟುಕೊಳ್ಳುವ ಹಕ್ಕಿನ ಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರುಗಳ ವರ್ಗದಲ್ಲಿ ಆ ಪತ್ರವೊಂದೇ 1,50,001 ಡಾಲರಿಗೆ ಮುಟ್ಟಿತ್ತು. ಬಸ್ಸು, ರೈಲು ಧಾರಾಳವಾಗಿವೆ, ಏಳು ವರ್ಷದೊಳಗಿನ ಮಕ್ಕಳಿಗೆ ಉಚಿತ.

ಹೊರಗಿನ ಊಟಕ್ಕೂ ಒಂದು ಮಾತು. ಸಣ್ಣ ಊಟದಂಗಡಿಗಳು ಒಂದೆಡೆ ಸೇರಿರುವ ಹಾಕರ್ ಸೆಂಟರುಗಳಲ್ಲಿ ಬೋರ್ಡಿನ ಮೇಲೆ ಬರೆದಷ್ಟೇ ಕೊಡುತ್ತೀರಿ. ಹೋಟೆಲಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಶೇಕಡ 10 ಸೇವಾ ಶುಲ್ಕ, ಅದರ ಮೇಲೆ 2024ರ ಜನವರಿಯಿಂದ ಶೇಕಡ 9 ಆಗಿರುವ ಜಿಎಸ್‌ಟಿ ಸೇರಿ 100 ಡಾಲರಿನ ಊಟ 119.90 ಆಗುತ್ತದೆ.

ಪ್ರಶ್ನೆ: ಬಂದು ಮೂರು ತಿಂಗಳಾಯಿತು. ಕರೆಂಟಿನ ಬಿಲ್ಲು ತಿಂಗಳಿಗೆ 300 ಡಾಲರ್ ಮುಟ್ಟುತ್ತಿದೆ. ಎಸಿ ಇಲ್ಲದೆ ನಿದ್ದೆ ಬರುವುದಿಲ್ಲ, ಎಸಿ ಹಾಕದ ಕೋಣೆಯ ಕಪಾಟಿನಲ್ಲಿ ಬಟ್ಟೆ, ಚರ್ಮದ ಚಪ್ಪಲಿಗಳಿಗೆ ಬೂಷ್ಟು ಹಿಡಿಯುತ್ತಿದೆ. ಏನು ಮಾಡುವುದು? — ಸಿಂಗಪುರದಿಂದ, ಚಿತ್ರದುರ್ಗ ಮೂಲದ ಓದುಗರು

ಉತ್ತರ: ಬಯಲುಸೀಮೆಯ ಒಣ ಬಿಸಿಲಿನಿಂದ ಹೋದವರಿಗೆ ಸಮಭಾಜಕ ವೃತ್ತದ ಪಕ್ಕದ ಈ ಹವೆ ಹೊಸದು. ವರ್ಷವಿಡೀ ಉಷ್ಣಾಂಶ ಹೆಚ್ಚು ಬದಲಾಗುವುದಿಲ್ಲ. ಕಷ್ಟ ಕೊಡುವುದು ತೇವ. ಯೂನಿಟ್ಟಿಗೆ ಸುಮಾರು 30 ಸೆಂಟ್ ಎಂದಿಟ್ಟುಕೊಂಡರೆ, ಗಂಟೆಗೆ ಮುಕ್ಕಾಲು ಯೂನಿಟ್ ತಿನ್ನುವ ಒಂದು ಎಸಿಯನ್ನು ರಾತ್ರಿ ಎಂಟು ಗಂಟೆ ನಡೆಸಿದರೆ ತಿಂಗಳಿಗೆ 54 ಡಾಲರ್. ಮೂರು ಕೋಣೆಗಳಲ್ಲಿ ಮೂರು ಎಸಿ ಓಡಿದರೆ ನಿಮ್ಮ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ನಮ್ಮ ಹಳೆಯ ಪದ್ಧತಿ ಇಲ್ಲಿ ಉಪಕಾರಕ್ಕೆ ಬರುತ್ತದೆ. 25 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿಕೊಂಡರೆ ಸಾಕು. ಬಾಡಿಗೆದಾರರು ಮೂರು ತಿಂಗಳಿಗೊಮ್ಮೆ ಎಸಿ ಸರ್ವಿಸ್ ಮಾಡಿಸಬೇಕೆಂದು ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಆ ರಸೀದಿಗಳನ್ನು ಎಸೆಯಬೇಡಿ. ಕಪಾಟಿಗೆ ತೇವ ಹೀರುವ ಡಬ್ಬಿಗಳು ಸಿಗುತ್ತವೆ, ಅವು ನೀರು ತುಂಬಿದೊಡನೆ ಬದಲಿಸಿ. ರವೆ, ಬೇಳೆ, ಪುಡಿಗಳೆಲ್ಲ ಫ್ರಿಜ್ಜಿನಲ್ಲಿರಲಿ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದಾದ್ದರಿಂದ ಬಾಟಲಿ ನೀರಿಗೆ ಹಣ ಸುರಿಯುವ ಅಗತ್ಯವಿಲ್ಲ.

ಪ್ರಶ್ನೆ: ಪ್ರತಿ ತಿಂಗಳೂ ಸಂಬಳ ಪೂರ್ತಿ ಖಾತೆಗೆ ಬರುತ್ತಿದೆ, ತೆರಿಗೆಯನ್ನು ಹಿಡಿಯುತ್ತಲೇ ಇಲ್ಲ. ಕಂಪನಿ ತಪ್ಪು ಮಾಡುತ್ತಿದೆಯೇ? — ಸಿಂಗಪುರದಿಂದ, ಹೆಸರು ಬೇಡವೆಂದ ಓದುಗರು

ಉತ್ತರ: ಇಲ್ಲ. ಅಲ್ಲಿ ಸಂಬಳದಿಂದ ತಿಂಗಳು ತಿಂಗಳು ತೆರಿಗೆ ಮುರಿದುಕೊಳ್ಳುವ ಪದ್ಧತಿಯಿಲ್ಲ. ಈ ವರ್ಷದ ದುಡಿಮೆಯ ವಿವರವನ್ನು ಮುಂದಿನ ಏಪ್ರಿಲ್ 18ರೊಳಗೆ ಸಲ್ಲಿಸುತ್ತೀರಿ, ಆಮೇಲೆ ಬಿಲ್ಲು ಬರುತ್ತದೆ, ಬ್ಯಾಂಕಿನ ಮೂಲಕ ಬಡ್ಡಿಯಿಲ್ಲದ 12 ಕಂತುಗಳಲ್ಲಿ ಕಟ್ಟಬಹುದು. ಇದನ್ನು ತಿಳಿಯದೆ ಇಡೀ ಸಂಬಳವನ್ನು ಊರಿನ ಸೈಟಿನ ಕಂತಿಗೆ ಕಳುಹಿಸಿ, ಬಿಲ್ಲು ಬಂದಾಗ ಕಂಗಾಲಾದವರನ್ನು ಕಂಡಿದ್ದೇನೆ. ಕೆಲಸ ಬಿಟ್ಟು ದೇಶಕ್ಕೆ ಮರಳುವವರು ಇನ್ನೊಂದನ್ನು ತಿಳಿದಿರಬೇಕು: ನೀವು ಬಿಡುತ್ತಿರುವುದನ್ನು ಕಂಪನಿ ಒಂದು ತಿಂಗಳ ಮೊದಲೇ ತೆರಿಗೆ ಇಲಾಖೆಗೆ ತಿಳಿಸಬೇಕು, ಲೆಕ್ಕ ತೀರುವವರೆಗೆ ನಿಮಗೆ ಬರಬೇಕಾದ ಕೊನೆಯ ಸಂಬಳವನ್ನು ತಡೆಹಿಡಿಯಬೇಕು. ಹೊರಡುವ ತಿಂಗಳು ಸಂಬಳವಿಲ್ಲದೆ ನಡೆಸುವಷ್ಟು ಹಣ ಕೈಯಲ್ಲಿರಲಿ. ಹಾಗೆಯೇ ಊರಿನಲ್ಲಿರುವ ನಿಮ್ಮ ಹಳೆಯ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗೆಂದಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿದ್ದೀರಾ ಎಂದು ನೋಡಿಕೊಳ್ಳಿ, ಕಾನೂನಿನ ಪ್ರಕಾರ ಅದು ಕಡ್ಡಾಯ.

ಪ್ರಶ್ನೆ: ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೊರಟಿದ್ದೇನೆ. ಅಲ್ಲಿ ನಮ್ಮ ಕಡೆಯ ಸಾಮಾನು ಸಿಗುತ್ತದೆಯೇ? ಅಂಟಿನುಂಡೆ, ಸಾರಿನ ಪುಡಿ, ರೊಟ್ಟಿ ಎಲ್ಲ ಒಯ್ಯಬಹುದೇ? — ಹುಬ್ಬಳ್ಳಿಯ ಓದುಗರು

ಉತ್ತರ: ತಾಯಿ, ಸೆರಂಗೂನ್ ರಸ್ತೆಯ ಸುತ್ತಲಿನ ಲಿಟಲ್ ಇಂಡಿಯಾ ಪ್ರದೇಶವನ್ನು ಒಮ್ಮೆ ನೋಡಿದರೆ ನಿಮ್ಮ ಆತಂಕ ಅರ್ಧ ಇಳಿಯುತ್ತದೆ. ಟೆಕ್ಕಾ ಮಾರುಕಟ್ಟೆಯಲ್ಲಿ ಕರಿಬೇವು, ನುಗ್ಗೆಕಾಯಿ, ಪಡವಲಕಾಯಿ ರಾಶಿ ಬಿದ್ದಿರುತ್ತವೆ; ಮುಸ್ತಫಾ ಎಂಬ ಬೃಹತ್ ಮಳಿಗೆಯಲ್ಲಿ ತಡರಾತ್ರಿಯವರೆಗೂ ಬೇಳೆಕಾಳು, ಸೋನಾ ಮಸೂರಿ, ಹುಣಸೆಹಣ್ಣು ಸಿಗುತ್ತವೆ; ಮಗಳ ಮನೆಯಲ್ಲಿ ಎಲ್ಲರಿಗೂ ಬೇಸರವಾದ ದಿನ ಅದೇ ರಸ್ತೆಯಲ್ಲಿ ಬೆಂಗಳೂರಿನ ಎಂಟಿಆರ್ ಹೋಟೆಲಿನ ಶಾಖೆಯೂ ಇದೆ. ತನ್ನ ಆಹಾರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ಆ ದೇಶಕ್ಕೆ ನಮ್ಮ ಅಕ್ಕಿ ಎಷ್ಟು ಬೇಕೆಂದರೆ, 2023ರ ಜುಲೈನಲ್ಲಿ ಭಾರತವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಸಿಂಗಪುರಕ್ಕೆಂದು ಮುಂದಿನ ತಿಂಗಳೇ ವಿನಾಯಿತಿ ಕೊಡಬೇಕಾಯಿತು. ಆದ್ದರಿಂದ ಅಕ್ಕಿ ಬೇಳೆ ಹೊರಬೇಡಿ.

ಒಯ್ಯಬೇಕಾದದ್ದು ನಿಮ್ಮ ಕೈಯ ರುಚಿ ಇರುವ ಪದಾರ್ಥಗಳನ್ನು: ಸಾರಿನ ಪುಡಿ, ಗುರೆಳ್ಳಿನ ಪುಡಿ, ಶೇಂಗಾ ಚಟ್ನಿಪುಡಿ. ಖಡಕ್ ರೊಟ್ಟಿ ಹಗುರ, ಕೆಡುವುದೂ ಇಲ್ಲ, ಆದರೆ ಅಲ್ಲಿನ ತೇವಕ್ಕೆ ಕಟ್ಟು ಬಿಚ್ಚಿದ ಸಂಜೆಯೊಳಗೆ ಮೆತ್ತಗಾಗುತ್ತದೆ. ನಾಲ್ಕು ನಾಲ್ಕಾಗಿ ಗಾಳಿಯಾಡದಂತೆ ಕಟ್ಟಿಕೊಳ್ಳಿ, ಮೆತ್ತಗಾದದ್ದನ್ನು ತವೆಯ ಮೇಲೆ ಬಿಸಿ ಮಾಡಿ. ಬಾಣಂತಿಯ ವೀಳ್ಯಕ್ಕೆಂದು ಅಡಿಕೆಯ ಜೊತೆ ಯಾರಾದರೂ ಜಗಿಯುವ ತಂಬಾಕನ್ನು ನಿಮ್ಮ ಚೀಲಕ್ಕೆ ಸೇರಿಸಿದರೆ ತೆಗೆದುಹಾಕಿ, ಅದು ಅಲ್ಲಿ ನಿಷಿದ್ಧ.

ಮುಖ್ಯವಾದದ್ದು ಗಸಗಸೆ. ನಮ್ಮಲ್ಲಿ ಬಾಣಂತಿಗೆ ನಿದ್ದೆ ಬರಲೆಂದು ಕೊಡುವ ಆ ಬೀಜವನ್ನು ಸಿಂಗಪುರದ ಮಾದಕವಸ್ತು ನಿಯಂತ್ರಣ ಇಲಾಖೆ ನಿಷೇಧಿತ ವಸ್ತುಗಳ ಸಾಲಿಗೆ ಸೇರಿಸಿದೆ. ಪೊಟ್ಟಣದಲ್ಲಿ ಕಟ್ಟಿದ್ದಷ್ಟೇ ಅಲ್ಲ, ಹುರಿದು ಅಂಟಿನುಂಡೆಗೆ ಬೆರೆಸಿದ್ದು, ಸಾಗಿನ ಪುಡಿಯಲ್ಲಿ ಅರೆದದ್ದು ಯಾವುದೂ ಬೇಡ. ತಪಾಸಣೆಯವರ ಮುಂದೆ ನಿಂತು ಬಾಣಂತನದ ಪದ್ಧತಿಯನ್ನು ವಿವರಿಸುವ ಪ್ರಸಂಗ ಯಾರಿಗೂ ಬರಬಾರದು. ಉಂಡೆಗೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಇದ್ದೇ ಇವೆ. ಗಸಗಸೆಯ ಬದಲು ಹುರಿದ ಬಾದಾಮಿಯನ್ನು ತರಿತರಿಯಾಗಿ ಕುಟ್ಟಿ ಹಾಕಿ, ಬೆಲ್ಲದ ಪಾಕವನ್ನು ಮಾತ್ರ ಎಂದಿಗಿಂತ ಒಂದೆಳೆ ಗಟ್ಟಿಯಾಗಿ ತೆಗೆಯಿರಿ. ಆ ಊರಿನ ತೇವದಲ್ಲಿ ಎಳೆಯ ಪಾಕದ ಉಂಡೆ ವಾರದೊಳಗೆ ಜಿಗುಟಾಗುತ್ತದೆ.