ಖಾಲಿ ಜಾಗದ ಶಕ್ತಿ ಎಳೆಯಲ್ಲ, ತಳ್ಳುತ್ತದೆ

ಖಾಲಿ ಜಾಗಕ್ಕೂ ಶಕ್ತಿ ಇದ್ದರೆ ಅದು ಎಳೆಯಬೇಕಲ್ವಾ, ತಳ್ಳೋದು ಯಾಕೆ ಅಂತ ಕೇಳಿದ್ದೀರಿ. ಛಲೋ ಪ್ರಶ್ನೆ. ಐನ್‌ಸ್ಟೈನ್ ಲೆಕ್ಕದಲ್ಲಿ ದ್ರವ್ಯ, ಶಕ್ತಿ ಮಾತ್ರ ಅಲ್ಲ, ಒತ್ತಡಕ್ಕೂ ಗುರುತ್ವ ಇದೆ, ಮೂರು ದಿಕ್ಕಿನದು ಸೇರಿ ಮೂರು ಪಟ್ಟು. ಜಾಗ ಎಷ್ಟು ಹಿಗ್ಗಿದರೂ ಈ ಶಕ್ತಿ ತೆಳುವಾಗಲ್ಲ, ಹಾಗಾಗಿ ಇದರ ಒತ್ತಡ ಮೈನಸ್, ಎಳೆದು ಹಿಡಿದ ರಬ್ಬರ್ ಇದ್ದ ಹಾಗೆ. ಶಕ್ತಿಯದು ಒಂದು ಪಾಲು ಎಳೆತ, ಮೈನಸ್ ಒತ್ತಡದ್ದು ಮೂರು ಪಾಲು ತಳ್ಳಾಟ. ತಳ್ಳಾಟವೇ ಗೆಲ್ಲುತ್ತದೆ.

ಆದ್ರೆ ಎಷ್ಟು ಕಡಿಮೆ ನೋಡಿ. ವಿಶ್ವ ಹಿಗ್ಗುವ ವೇಗದಿಂದ ಲೆಕ್ಕ ಹಾಕಿದರೆ, ಭೂಮಿಯಷ್ಟು ದೊಡ್ಡ ಜಾಗದ ಈ ಶಕ್ತಿಯನ್ನೆಲ್ಲ ಕೂಡಿಸಿ ದ್ರವ್ಯದ ತೂಕದಲ್ಲಿ ಹೇಳಿದರೂ ಸುಮಾರು 6 ಮಿಲಿಗ್ರಾಂ. ನಮ್ಮ ಕಲಬುರಗಿ ಜೋಳದ ಒಂದು ಕಾಳಿನಷ್ಟೂ ತೂಗಲ್ಲ! ಅದಕ್ಕೇ ಇಲ್ಲಿ ಗೊತ್ತಾಗಲ್ಲ, 1998ರಲ್ಲಿ ತುಂಬಾ ದೂರದ ಸೂಪರ್‌ನೋವಾಗಳನ್ನು (ಸಿಡಿಯುವ ನಕ್ಷತ್ರಗಳನ್ನು) ಅಳೆದಾಗಲೇ ವಿಶ್ವದ ಹಿಗ್ಗುವಿಕೆ ಜೋರಾಗುತ್ತಿರುವುದು ಕಂಡಿದ್ದು.