ಕುರಿಮರಿಯಿಂದ ಶುರು ಮಾಡಿ

ಗರ್ಭದಲ್ಲಿ ಮಗು ಬೆಳೆಯುವಾಗ ಹಾರ್ಮೋನುಗಳು ಏನು ಮಾಡುತ್ತವೆ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿದರೆ ಒಳ್ಳೆಯ ಬರಹ ಆಗುತ್ತದೆ.

‘ತಾಯಿಯ ಹಾರ್ಮೋನುಗಳು ಹರಿದು ಬಂದು ಮಗುವನ್ನು ರೂಪಿಸುತ್ತವೆ’ ಅಂತ ಬರೆದಿದ್ದೀರಿ. ಲೇಖನವೆಲ್ಲ ಈ ಮಾತಿನ ಮೇಲೆಯೇ ನಿಂತಿದೆ, ಅದು ಅರ್ಧ ಮಾತ್ರ ನಿಜ. ಇನ್ಸುಲಿನ್ ನೋಡಿ. ತಾಯಿಯ ಇನ್ಸುಲಿನ್ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುವುದಿಲ್ಲ, ಸಕ್ಕರೆ ಹೋಗುತ್ತದೆ. ತಾಯಿಗೆ ಶುಗರ್ ಜಾಸ್ತಿ ಇದ್ದರೆ ಮಗುವೇ ತನ್ನ ಇನ್ಸುಲಿನ್ ಹೆಚ್ಚಿಸಿಕೊಂಡು ದಪ್ಪಗಾಗುತ್ತದೆ; ಹುಟ್ಟಿ ಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ನಿಂತರೂ ಇನ್ಸುಲಿನ್ ಉಳಿದಿರುತ್ತದೆ, ಅದಕ್ಕೇ ಅಂಥ ಮಕ್ಕಳ ಶುಗರ್ ಹುಟ್ಟಿದ ಮೊದಲ ಗಂಟೆಗಳಲ್ಲೇ ಕುಸಿಯಬಹುದು.

ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಹಾಗೆಯೇ. ಮಾಸಿನಲ್ಲಿರುವ ಒಂದು ಕಿಣ್ವ ಅದರ ಹೆಚ್ಚಿನ ಪಾಲನ್ನು ಕೆಲಸಕ್ಕೆ ಬಾರದ ಕಾರ್ಟಿಸೋನ್ ಮಾಡಿಬಿಡುತ್ತದೆ. ಹಾಗಾಗಿ ‘ಬಸುರಿ ಒಂದು ದಿನ ಅತ್ತರೂ ಮಗು ಅಂಜುಬುರುಕ ಆಗುತ್ತದೆ’ ಅನ್ನುವ ಸಾಲು ತೆಗೆಯಲೇಬೇಕು. ಅದನ್ನು ಓದಿದ ಹೆಣ್ಣುಮಗಳು ಸುಮ್ನೆ ತನ್ನನ್ನೇ ಬೈದುಕೊಳ್ಳುತ್ತಾಳೆ, ಅಲ್ವಾ?

ಮಗು ನಿಜವಾಗಿ ತಾಯಿಯನ್ನೇ ನಂಬಿರುವುದು ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಥೈರಾಕ್ಸಿನ್ ವಿಷಯದಲ್ಲಿ. ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುವುದೇ ಸುಮಾರು 12ನೇ ವಾರಕ್ಕೆ, ಅಲ್ಲಿಯವರೆಗೆ ಅದರ ಮಿದುಳಿಗೆ ತಾಯಿಯದೇ ಗತಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಬಸುರಿ ಅಂತ ಗೊತ್ತಾದರೆ ಅದನ್ನು ನಿಲ್ಲಿಸದೆ ಕೂಡಲೇ ಡಾಕ್ಟರನ್ನು ಕಾಣಬೇಕು. ಎಷ್ಟೋ ಮನೆಗಳಿಗೆ ಬೇಕಾದ ಈ ಮಾತಿಗೆ ನೀವು ಕೊಟ್ಟಿರುವುದು ಒಂದೇ ಸಾಲು.

ನಿಮ್ಮ ಬಳಿ ಇರುವ ಒಳ್ಳೆಯ ಕಥೆ ಕೊನೆಯಲ್ಲಿ ಹೂತುಹೋಗಿದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಅನ್ನುವ ವೈದ್ಯರು ಹೆರಿಗೆ ಯಾಕೆ ಶುರುವಾಗುತ್ತದೆ ಅಂತ ಕುರಿಗಳಲ್ಲಿ ಹುಡುಕುತ್ತಿದ್ದರು. ಹೊಟ್ಟೆಯಲ್ಲಿದ್ದ ಮರಿಗೆ ಕಾರ್ಟಿಸಾಲ್ ತರಹದ ಔಷಧಿಯಾದ ಸ್ಟೀರಾಯ್ಡ್ ಕೊಟ್ಟಿದ್ದರು. ಬದುಕಲಾರದಷ್ಟು ಬೇಗ ಹುಟ್ಟಿದ ಆ ಮರಿ ಉಸಿರಾಡುತ್ತಿತ್ತು. ನೋಡಿದರೆ ಅದರ ಶ್ವಾಸಕೋಶಕ್ಕೆ ಗಾಳಿ ತುಂಬಿತ್ತು, ಅಂದರೆ ಸ್ಟೀರಾಯ್ಡ್ ಅದನ್ನು ಬೇಗ ಬಲಿಯುವಂತೆ ಮಾಡಿತ್ತು. ಮಕ್ಕಳ ವೈದ್ಯ ಹೋವಿ ಜೊತೆ ಸೇರಿ ತಾಯಂದಿರಿಗೆ ಅದೇ ಚಿಕಿತ್ಸೆ ಕೊಟ್ಟು ನೋಡಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನ ತುಂಬುವ ಮೊದಲೇ ಹೆರಿಗೆ ಆಗುವ ಹಾಗಿದ್ದರೆ ಇವತ್ತೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಂದದ್ದು ಅಲ್ಲಿಂದ. ಇಲ್ಲಿಂದ ಶುರು ಮಾಡಿ.

ಗಂಡು-ಹೆಣ್ಣು ಬೆಳವಣಿಗೆಯ ಭಾಗ ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ, ಅದು ದೊಡ್ಡ ವಿಷಯ. ತಿದ್ದಿದ ಮೇಲೆ ಒಬ್ಬ ಹೆರಿಗೆ ವೈದ್ಯರಿಗೆ ತೋರಿಸಿ, ಆಮೇಲೆ ಕಳಿಸಿ.