ಐಹೊಳೆಯಿಂದ ಬಾದಾಮಿಗೆ ನಡೆಯಿರಿ

ನಮಸ್ಕಾರ್ರೀ. ಡಿಸೆಂಬರ್‌ನಲ್ಲಿ ಎರಡು ದಿನ ನಡೆಯಬೇಕು, ಬಾದಾಮಿಯಿಂದ ಐಹೊಳೆಗೋ ಅಥವಾ ಐಹೊಳೆಯಿಂದ ಬಾದಾಮಿಗೋ ಎಂದು ಕೇಳಿದ್ದೀರಿ. ನಾನಾದರೆ ಐಹೊಳೆಯಿಂದಲೇ ಶುರು ಮಾಡುತ್ತೇನೆ.

ಮೊದಲ ಕಾರಣ ಬಿಸಿಲು. ಬಾದಾಮಿ ಪಶ್ಚಿಮಕ್ಕಿದೆ. ನಸುಕಿನಲ್ಲೇ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ. ಎರೆ ಹೊಲಗಳ ನಡುವೆ ನೆರಳು ಕಡಿಮೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ. ಮಧ್ಯಾಹ್ನದ ಹೊತ್ತಿಗೆ ನಡಿಗೆ ಮುಗಿಸಿಬಿಡಿ.

ಎರಡನೆಯದು ವಾಪಸ್ ಬರುವ ಚಿಂತೆ. ಐಹೊಳೆಯಲ್ಲಿ ನಡಿಗೆ ಮುಗಿಸಿದರೆ ದಣಿದ ಕಾಲಲ್ಲಿ ಬಸ್ಸಿಗೆ ಕಾಯಬೇಕು. ಬಾದಾಮಿಯಲ್ಲಿ ಲಾಡ್ಜ್ ಇದೆ, ಬಸ್ ಇದೆ, ಊರಿಂದ ಸುಮಾರು 5 ಕಿಮೀ ದೂರದಲ್ಲಿ ರೈಲು ನಿಲ್ದಾಣವೂ ಇದೆ. ರೂಮು ಅಲ್ಲೇ ಮಾಡಿ ದೊಡ್ಡ ಬ್ಯಾಗ್ ಇಡಿ. ಮೊದಲ ದಿನ ಪಟ್ಟದಕಲ್ಲಿಗೆ ನಿಲ್ಲಿಸಿ ಬಸ್ಸಿನಲ್ಲಿ ಬಾದಾಮಿಗೆ ಬನ್ನಿ, ಮರುದಿನ ಮತ್ತೆ ಪಟ್ಟದಕಲ್ಲಿನಿಂದಲೇ ಮುಂದುವರಿಸಿ. ಹಗುರಾಗಿ ನಡೆಯಬಹುದು, ಅಲ್ವಾ?

ಒಂದು ಮಾತು. ನೀವು ಮಲಪ್ರಭೆ ಹರಿಯುವ ದಿಕ್ಕಿಗೆ ಎದುರಾಗಿ ಹೋಗುತ್ತೀರಿ, ಆದರೆ ಏರು ಗೊತ್ತಾಗುವುದು ಎರಡನೇ ದಿನ ದಾರಿಯಲ್ಲಿ ಸಿಗುವ ಮಹಾಕೂಟ ದೇವಸ್ಥಾನದ ನಂತರವೇ. ಅಲ್ಲಿಂದ ಬಾದಾಮಿಗೆ ಗುಡ್ಡ ಹತ್ತಿಳಿಯುವ ಕಾಲುದಾರಿ ಇದೆ. ಡಾಂಬರು ರಸ್ತೆ ಸುತ್ತು ಜಾಸ್ತಿ, ಈ ದಾರಿಯೇ ಚೆಂದ. ಏರುವ ಮೊದಲು ಪುಷ್ಕರಿಣಿ ಹತ್ತಿರ ಸ್ವಲ್ಪ ಕೂತು ದಣಿವಾರಿಸಿಕೊಳ್ಳಿ, ಅಲ್ಲಿಯವರನ್ನು ದಾರಿ ಕೇಳಿಯೇ ಹೊರಡಿ.

ಐಹೊಳೆಯಲ್ಲಿ 634ರ ಶಾಸನವಿರುವ ಮೇಗುತಿ ಬಸದಿ ನೋಡದೆ ಹೊರಡಬೇಡಿ. ಬಾದಾಮಿಯ ಗುಹೆಗಳನ್ನು ಮೂರನೇ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಜನವರಿಗೆ ಮುಂದೂಡಿದರೆ ಬನಶಂಕರಿ ಜಾತ್ರೆಯ ದಿನ ನೋಡಿಕೊಳ್ಳಿ, ಆಗ ರೂಮು ಸಿಗುವುದು ಕಷ್ಟ.